ಪದದ ಬೆನ್ನು ಹತ್ತಿ ಹೋದ್ರೆ ಸಾಹಿತ್ಯ ಸಿಗುತ್ತಾ, ಇಲ್ಲಾ ಬರೀ ಕ್ವಿಜ್ ಮಾಹಿತಿನಾ?

ಅರ್ಧಕ್ಕೆ_ನಿಂತವ:

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗುತ್ತೆ, ಬೇಜಾರ್ ಮಾಡ್ಕೋಬೇಡಿ.

ನಾನು ಮೊದ್ಲಿಂದ ಫ್ಯಾಂಟಸಿ ಓದೋನು. ಡ್ರ್ಯಾಗನ್ನು, ಮಾಟದ ಶಾಲೆ, ಮೊದಲ ಪುಟದಲ್ಲೇ ಮ್ಯಾಪ್ ಇರೋ ದಪ್ಪ ದಪ್ಪ ಪುಸ್ತಕ, ಇವೇ ನನ್ನ ಪ್ರಪಂಚ. ಒಂದ್ಸಲ ಒಂದು ಕಥೇಲಿ ಮೂರು ತಲೆ ನಾಯಿ ಬಂತು, ಸಂಗೀತ ಕೇಳಿದ್ರೆ ಮಲ್ಕೊಂಡ್ಬಿಡುತ್ತೆ, ಆಹಾ ಎಂಥಾ ಕಲ್ಪನೆ ಅನ್ಕೊಂಡೆ. ಆಮೇಲೆ ನೋಡಿದ್ರೆ ಅದು ಗ್ರೀಕರ ಪಾತಾಳದ ಬಾಗಿಲು ಕಾಯೋ ಸೆರ್ಬೆರಸ್ಸು, ಸತ್ತ ಹೆಂಡ್ತೀನ ಕರ್ಕೊಂಡ್ ಬರೋಕೆ ಹೋದ ಆರ್ಫಿಯಸ್ ಹಾಡಿದಾಗ ಮೂರೂ ಬಾಯಿ ತೆಗೆದು ಹಾಗೇ ನಿಂತಿತ್ತಂತೆ. ಅವತ್ತಿಂದ ಹುಚ್ಚು ಹಿಡೀತು. ಪ್ರತಿ ಹೆಸರು, ಪ್ರತಿ ಪದ ಡಿಕ್ಷನರೀಲಿ ಹುಡುಕೋದು. ಪ್ಯಾನಿಕ್ ಬಂದಿದ್ದು ಆಡಿನ ಕಾಲಿನ ಪ್ಯಾನ್ ದೇವರಿಂದ. ಮ್ಯೂಸಿಕ್ಕು, ಮ್ಯೂಸಿಯಮ್ಮು ಎರಡೂ ಮ್ಯೂಸ್ ಅನ್ನೋ ಕಲಾದೇವತೆಗಳಿಂದ. ಕ್ಲೂ ಅನ್ನೋ ಇಂಗ್ಲಿಷ್ ಪದದ ಹಳೇ ಅರ್ಥ ದಾರದ ಉಂಡೆ, ಅರಿಯಾಡ್ನೆ ಕೊಟ್ಟ ದಾರ ಹಿಡ್ಕೊಂಡು ಥೀಸಿಯಸ್ ಚಕ್ರವ್ಯೂಹದಂಥ ಆ ಲ್ಯಾಬಿರಿಂತ್‌ನಿಂದ ಹೊರಗೆ ಬಂದ ಕಥೆಯಿಂದ ಅದಕ್ಕೆ "ಸುಳಿವು" ಅನ್ನೋ ಅರ್ಥ ಬಂತು. ಹಿಂಗೇ ಒಂದು ನೋಟ್‌ಬುಕ್ಕೇ ತುಂಬಿದೆ.

ಸಮಸ್ಯೆ ಏನಪ್ಪ ಅಂದ್ರೆ, ನೋಟ್‌ಬುಕ್ ಬೆಳೀತಾ ಇದೆ, ಓದು ಬೆಳೀತಾ ಇಲ್ಲ. ಗ್ರೀಕ್ ಕವಿ ಹೋಮರ್‌ನ ಯುದ್ಧಕಾವ್ಯ ಇಲಿಯಡ್ ಶುರು ಮಾಡಿದೆ, ಎರಡನೇ ಪುಸ್ತಕದಲ್ಲಿ (ಅದರ ಅಧ್ಯಾಯಗಳಿಗೆ ಪುಸ್ತಕ ಅಂತಾರೆ) ಯಾವ ಊರಿಂದ ಯಾರು ಎಷ್ಟು ಹಡಗು ತಂದ್ರು ಅಂತ ಪಟ್ಟಿ ಶುರುವಾಯ್ತು ನೋಡಿ, ಅಲ್ಲಿಗೆ ಮಡಚಿಟ್ಟೆ. ಫ್ರೆಂಡ್ ಒಬ್ಬ "ನೀನು ಸಾಹಿತ್ಯ ಓದ್ತಿಲ್ಲ ಕಣೋ, ಸಾಹಿತ್ಯದ ಬೆಲೆ ಚೀಟಿ ಓದ್ತಿದೀಯ" ಅಂದ. ಸ್ವಲ್ಪ ಚುಚ್ತು, ಯಾಕಂದ್ರೆ ನಿಜ ಇರ್ಬೋದು.

ಫ್ಯಾಂಟಸಿ ಮತ್ತೆ ಪದಗಳ ಮೂಲ, ಈ ಎರಡು ದಾರಿಯಿಂದ ನಿಜವಾದ ಓದಿಗೆ ಹೋಗೋಕಾಗುತ್ತಾ? ಯಾರಾದ್ರೂ ಹೋಗಿದೀರಾ? ಎಲ್ಲಿಂದ ಶುರು ಮಾಡ್ಲಿ?

ಇನ್ನೊಂದು, ನೋಟ್‌ಬುಕ್‌ನಲ್ಲಿ ನನ್ನ ಫೇವರಿಟ್ ಎರಡಿವೆ: ಗ್ರೀಕಿನ ಥಿಯೋಸ್ ಮತ್ತೆ ನಮ್ಮ ದೇವ ಒಂದೇ ಬೇರು, ಮತ್ತೆ ಮಕ್ಕಳನ್ನ ನುಂಗೋ ಕ್ರೋನೋಸ್ ಅಂದ್ರೆ ಕಾಲ, ಕ್ರೊನಾಲಜಿ ಬಂದಿದ್ದು ಅವನಿಂದ. ಇವು ಸರಿ ಇದೆ ತಾನೇ?

---

ಹಡಗು_ಬಿಟ್ಟು_ಓದಿ:

ಮೊದ್ಲು ಆ ಹಡಗಿನ ಪಟ್ಟಿ ವಿಷ್ಯ. ಸಾವಿರಕ್ಕೂ ಮೇಲೆ ಹಡಗು ಬರ್ತವೆ ಅಲ್ಲಿ, ದಾಟಿ ಹೋಗಿ, ಯಾರೂ ಬಂದು ಪರೀಕ್ಷೆ ಮಾಡಲ್ಲ. ಅದನ್ನ ಕೂತು ಕೇಳ್ತಿದ್ದವರಿಗೆ ತಮ್ಮೂರಿನ ಹೆಸರು ಯಾವಾಗ ಬರುತ್ತೆ ಅನ್ನೋ ಖುಷಿ ಇತ್ತು, ನಮಗಿಲ್ಲ, ಅಷ್ಟೇ. ಎರಡನೇ ಸಲ ಓದುವಾಗ ಅದೇ ಪಟ್ಟಿ ಹೊಟ್ಟೆ ಹಿಂಡುತ್ತೆ, ಯಾಕಂದ್ರೆ ಅದರಲ್ಲಿರೋ ಯಾರ್ಯಾರು ವಾಪಸ್ ಹೋಗಲ್ಲ ಅಂತ ಅಷ್ಟೊತ್ತಿಗೆ ಗೊತ್ತಿರುತ್ತೆ.

ಇನ್ನು ನಿಮ್ಮ ಪ್ರಶ್ನೆ. ನೀವು ಮಾಡ್ತಿರೋದು ತಪ್ಪಲ್ಲ, ಆದ್ರೆ ಅರ್ಧಕ್ಕೆ ನಿಲ್ಲಿಸ್ತಿದೀರ (ಹೆಸರೂ ಹಂಗೇ ಇಟ್ಕೊಂಡಿದೀರ!). ಡಿಕ್ಷನರಿ "ಇದು ಇಂಥಾ ಕಥೆಯಿಂದ ಬಂತು" ಅಂದ ತಕ್ಷಣ ಬರ್ಕೊಂಡು ಮುಂದಿನ ಪದಕ್ಕೆ ಹೋಗ್ತೀರ. ಅಲ್ಲಿಂದ ಇನ್ನೊಂದು ಹೆಜ್ಜೆ ಹಾಕಿ, ಆ ಕಥೆ ಮೂಲದಲ್ಲಿ ಎಲ್ಲಿ ಬರುತ್ತೋ ಆ ಒಂದು ಭಾಗ ತೆಗೆದು ಓದಿ. ಇಡೀ ಪುಸ್ತಕ ಬೇಡ, ಆ ಒಂದೇ ಭಾಗ.

ನನಗೆ ಇದು ಆಗಿದ್ದು ಮೆಂಟರ್ ಅನ್ನೋ ಪದದಿಂದ. ಈಗ ಎಲ್ಲಾ ಆಫೀಸಲ್ಲೂ ಮೆಂಟರ್‌ಗಳೇ. ಡಿಕ್ಷನರಿ ಏನನ್ನುತ್ತೆ, ಹೋಮರ್‌ನದೇ ಇನ್ನೊಂದು ಕಾವ್ಯ ಒಡಿಸ್ಸಿಯಲ್ಲಿ ನಾಯಕ ಒಡಿಸ್ಸಿಯಸ್ಸಿನ ಮಗನಿಗೆ ಬುದ್ಧಿ ಹೇಳೋ ಹಿರಿಯ. ಸರಿ ಅಂತ ಒಡಿಸ್ಸಿ ತೆಗೆದೆ. ಒಡಿಸ್ಸಿಯಸ್ ಯುದ್ಧಕ್ಕೆ ಹೋಗುವಾಗ ಮನೆ ನೋಡ್ಕೋ ಅಂತ ಮೆಂಟರ್‌ಗೆ ಒಪ್ಪಿಸಿ ಹೋಗಿರ್ತಾನೆ. ಇಪ್ಪತ್ತನೇ ವರ್ಷಕ್ಕೆ ಆ ಮನೆ ಸ್ಥಿತಿ ಏನು? ಅವನ ಹೆಂಡ್ತೀನ ಮದ್ವೆ ಆಗ್ತೀವಿ ಅಂತ ಬಂದ 108 ಜನ ಅಂಗಳದಲ್ಲಿ ಕೂತು ದಿನಾ ದನ ಕುರಿ ಕಡ್ಕೊಂಡು ತಿಂತಿರ್ತಾರೆ. ಎರಡನೇ ಪುಸ್ತಕದ ಸಭೆಯಲ್ಲಿ ಮೆಂಟರ್ ಎದ್ದು ನಿಂತು ಊರವರಿಗೆ "ನೀವೆಲ್ಲಾ ಇಷ್ಟು ಜನ ಇದ್ದು ಸುಮ್ನೆ ಕೂತಿದೀರಲ್ಲ" ಅಂತಾನೆ, ಆ ಕಡೆಯವನೊಬ್ಬ ಬೈದು ಕೂರಿಸ್ತಾನೆ, ಸಭೆ ಮುಗೀತು. ಪಾಪ, ಏನೂ ಮಾಡೋಕಾಗದ ಮುದುಕ. ಹುಡುಗನಿಗೆ ಧೈರ್ಯ ಹೇಳಿ, ಹಡಗು ಹೊಂದಿಸಿ, ಜೊತೇಲಿ ಹೋಗೋದು ಮೆಂಟರ್ ಅಲ್ವೇ ಅಲ್ಲ, ಅವನ ವೇಷ ಹಾಕ್ಕೊಂಡ ಅಥೀನಾ ದೇವತೆ! ಇಡೀ ಕಾವ್ಯದ ಕೊನೇ ಸಾಲೇ ಅದು, ಅಥೀನಾ ಆಕಾರದಲ್ಲೂ ದನಿಯಲ್ಲೂ ಮೆಂಟರ್‌ನ ಹಾಗೇ ಇದ್ದಳು ಅಂತ.

ಹಂಗಾದ್ರೆ ಮೆಂಟರ್ ಅಂದ್ರೆ ಗುರು ಅಂತ ಆಗಿದ್ದು ಹೇಗೆ? ಹೋಮರ್‌ನಿಂದ ನೇರವಾಗಿ ಅಲ್ಲ. 1699ರಲ್ಲಿ ಫ್ರಾನ್ಸಿನ ಫೆನೆಲೋನ್ ಆ ಮಗನ ಪ್ರಯಾಣದ ಮೇಲೆ ಒಂದು ಕಥೆ ಬರೆದ, ಅದರಲ್ಲಿ ಮೆಂಟರ್ ಪುಟಗಟ್ಟಲೆ ಉಪದೇಶ ಮಾಡ್ತಾನೆ. ಫೆನೆಲೋನ್ ದೊರೆಯ ಮೊಮ್ಮಗನಿಗೆ ಪಾಠ ಹೇಳ್ತಿದ್ದವನು, ಬೇರೆ ಹೆಂಗೆ ಬರೀತಾನೆ. ಆ ಪುಸ್ತಕ ಯುರೋಪ್ ತುಂಬಾ ಓಡಾಡಿ ಪದ ಅಲ್ಲಿಂದ ಹಬ್ಬಿತು.

ಅಂದ್ರೆ ಪದ ನನಗೆ ಹೇಳಿದ ಕಥೆ ಒಂದು, ಕಾವ್ಯದಲ್ಲಿದ್ದ ಕಥೆ ಇನ್ನೊಂದು. ಆ ಎರಡರ ಮಧ್ಯದ ಗ್ಯಾಪ್ ನೋಡಿದ ಮೇಲೆ ನನಗೆ ಮಿಕ್ಕ 22 ಪುಸ್ತಕ ಓದದೇ ಇರೋಕಾಗ್ಲಿಲ್ಲ.

ಆದ್ರಿಂದ ಇಲಿಯಡ್ ಪಕ್ಕಕ್ಕಿಡಿ, ಒಡಿಸ್ಸಿ ಹಿಡೀರಿ, ಫ್ಯಾಂಟಸಿ ಓದೋರಿಗೆ ಅದು ಮನೆ ಇದ್ದಂಗೆ. ಒಂಟಿ ಕಣ್ಣಿನ ರಾಕ್ಷಸ, ಮನುಷ್ಯರನ್ನ ಹಂದಿ ಮಾಡೋ ಮಾಟಗಾತಿ, ಸತ್ತವರ ಜೊತೆ ಮಾತು, ಎಲ್ಲಾ ಇದೆ.

---

ಖಾಲಿಪುಟ:

ಬೆಲೆ ಚೀಟಿ ಅಂದ ನಿಮ್ಮ ಫ್ರೆಂಡ್ ಏನ್ ಓದಿದಾರೆ ಅಂತ ಮೊದ್ಲು ಕೇಳಿ 😄 ಕ್ವಿಜ್ ಮಾಹಿತಿ ಆದ್ರೆ ಆಗ್ಲಿ ಬಿಡ್ರೀ, ಖುಷಿ ಸಿಗ್ತಿದೆಯಲ್ಲ. ಸಾಹಿತ್ಯ ಓದೋದೇನು ವ್ರತಾನಾ.

---

ಬೇರು_ಕೀಳುವವಳು:

@ಅರ್ಧಕ್ಕೆ_ನಿಂತವ, ನಿಮ್ಮ ಎರಡೂ ಫೇವರಿಟ್ ತಪ್ಪು, ಸಾರಿ. ಆದ್ರೆ ಚೆಂದದ ತಪ್ಪು.

ಥಿಯೋಸ್ ಮತ್ತೆ ದೇವ ನೋಡೋಕೆ ಅಣ್ಣ ತಮ್ಮ ಥರ ಇದಾವೆ, ಅರ್ಥಾನೂ ಒಂದೇ, ಸಂಬಂಧ ಮಾತ್ರ ಇಲ್ಲ. ಗ್ರೀಕಿನಲ್ಲಿ ಥ ಇದ್ರೆ ಸಂಸ್ಕೃತದಲ್ಲಿ ಸಾಮಾನ್ಯವಾಗಿ ಧ ಬರ್ಬೇಕು, ದ ಬರಲ್ಲ. ದೇವ ಅನ್ನೋದರ ನಿಜವಾದ ನೆಂಟರು ಲ್ಯಾಟಿನ್ನಿನ ದೇಉಸ್, ಗ್ರೀಕರ ದೇವತೆಗಳ ರಾಜ ಸ್ವತಃ ಜ್ಯೂಸ್ (Zeus). ವೇದದ ದ್ಯೌಃ ಪಿತಾ ಮತ್ತೆ ರೋಮನ್ನರ ಜುಪಿಟರ್ ಒಂದೇ ಮಾತು, "ಆಕಾಶ ತಂದೆ". ಇನ್ನೂ ಮಜಾ ಅಂದ್ರೆ ಇಂಗ್ಲಿಷಿನ ಟ್ಯೂಸ್‌ಡೇಲಿ ಇರೋ ಟೀವ್ ಅನ್ನೋ ದೇವರ ಹೆಸರೂ ಈ ದೇವ ಬೇರಿನದೇ. ಥಿಯೋಸ್‌ಗೆ ನೆಂಟರು ಬೇಕಂದ್ರೆ ಫೆಸ್ಟಿವಲ್ ಅನ್ನೋ ಪದದ ಮನೇಲಿ ಹುಡುಕ್ಬೇಕು.

ಕ್ರೋನೋಸ್ ಕಥೇನೂ ಹಂಗೇ. ಮಕ್ಕಳನ್ನ ನುಂಗಿದವನ ಹೆಸರು ಶುರುವಾಗೋದು ಕಪ್ಪಾ ಅಕ್ಷರದಿಂದ, ಕಾಲ ಅನ್ನೋ ಪದ ಶುರುವಾಗೋದು ಖೀ ಅಕ್ಷರದಿಂದ, ಕನ್ನಡದಲ್ಲಿ ಬರೆದ್ರೆ ಎರಡೂ ಒಂದೇ ಥರ ಕಾಣುತ್ತೆ ಅದಕ್ಕೆ ಗೊಂದಲ. ಆದ್ರೆ ನೀವೊಬ್ರೇ ಅಲ್ಲ, ಹಳೇ ಕಾಲದಲ್ಲೇ ಸಿಸೆರೋ, ಪ್ಲೂಟಾರ್ಕ್ ಇಬ್ರೂ ಇದನ್ನ ಬರೆದಿದಾರೆ, ಕಾಲ ತಾನು ಹೆತ್ತಿದ್ದನ್ನ ತಾನೇ ತಿನ್ನುತ್ತೆ ಅಂತ. ಭಾಷಾಶಾಸ್ತ್ರದಲ್ಲಿ ಸೊನ್ನೆ, ಕವಿತೆಯಾಗಿ ನೂರಕ್ಕೆ ನೂರು.

ನನ್ನ ನೋಟ್‌ಬುಕ್‌ನಲ್ಲಿ ಇಂಥ ತಪ್ಪುಗಳಿಗೇ ಒಂದು ಭಾಗ ಇದೆ. ಪಂಡೋರಾಳ ಪೆಟ್ಟಿಗೆ ಅಂತೀವಲ್ಲ (ಅವಳು ಮುಚ್ಚಳ ತೆಗೆದಾಗ ಲೋಕದ ಕಷ್ಟ ಎಲ್ಲಾ ಹೊರಗೆ ಬಂತಂತೆ), ಗ್ರೀಕ್ ಕವಿ ಹೆಸಿಯಡ್ ಬರೆದಿದ್ದು ಪೆಟ್ಟಿಗೆ ಅಲ್ಲ, ಪಿಥೋಸ್, ಅಂದ್ರೆ ದವಸ ಎಣ್ಣೆ ತುಂಬಿಡೋ ಆಳೆತ್ತರದ ಗುಡಾಣ. 16ನೇ ಶತಮಾನದಲ್ಲಿ ಎರಾಸ್ಮಸ್ ಅನ್ನೋ ವಿದ್ವಾಂಸ ಲ್ಯಾಟಿನ್ನಿಗೆ ತರುವಾಗ ಅದು ಪಿಕ್ಸಿಸ್ ಅನ್ನೋ ಸಣ್ಣ ಡಬ್ಬಿ ಆಯ್ತು, ಆವತ್ತಿಂದ ಚಿತ್ರಗಳಲ್ಲೆಲ್ಲ ಅವಳ ಕೈಯಲ್ಲಿ ಒಡವೆ ಪೆಟ್ಟಿಗೆ. ಎಲ್ಲಾ ಕಷ್ಟ ಹಾರಿಹೋಗಿ ಭರವಸೆ ಒಂದೇ ಗುಡಾಣದ ಕಂಠದ ಒಳಗೆ ಸಿಕ್ಕೊಂಡಿತು ಅಂತ ಮೂಲದಲ್ಲಿದೆ, ಈಗ ಗುಡಾಣದ ಕತ್ತಲೆ ನೆನೆಸ್ಕೊಂಡು ಆ ಸಾಲು ಓದಿ ನೋಡಿ.

ಇನ್ನೊಂದು ಹೇಳ್ದೆ ಇರೋಕಾಗಲ್ಲ. 6ನೇ ಶತಮಾನದ ವರಾಹಮಿಹಿರ ಬೃಹಜ್ಜಾತಕದಲ್ಲಿ ರಾಶಿಗಳಿಗೆ ಗ್ರೀಕ್ ಹೆಸರೂ ಕೊಡ್ತಾನೆ, ಮೇಷ ಕ್ರಿಯ (ಕ್ರಿಯೋಸ್), ವೃಷಭ ತಾವುರಿ (ತೌರೋಸ್), ಹೀಗೆ. ಕುಂಭಕ್ಕೆ ಗ್ರೀಕಲ್ಲಿ ಹಿದ್ರೋಖೋಸ್, ನೀರು ಸುರಿಯೋನು. ಅದು ಸಂಸ್ಕೃತಕ್ಕೆ ಬರೋ ಹೊತ್ತಿಗೆ ಏನಾಯ್ತು ಗೊತ್ತಾ, ಹೃದ್ರೋಗ! ನೀರು ಹೊತ್ತು ಬಂದವನಿಗೆ ಹಾರ್ಟ್ ಪ್ರಾಬ್ಲಮ್ಮು. ಅದೇ ಪುಸ್ತಕದಲ್ಲಿ ಹೋರಾ ಅನ್ನೋ ಪದ ಅಹೋರಾತ್ರದ ಹಿಂದು ಮುಂದಿನ ಅಕ್ಷರ ಬಿದ್ದು ಬಂತು ಅಂತ ಕೆಲವರ ಮತ ಅಂತಾನೂ ಇದೆ, ಅಸಲಿಗೆ ಅದು ಗ್ರೀಕಿನ ಹೋರಾ, ಇಂಗ್ಲಿಷಿನ ಅವರ್ (hour, ಗಂಟೆ) ಅದರಿಂದಲೇ. ಹೊರಗಿಂದ ಬಂದ ಪದಕ್ಕೆ ಜನ ಮನೆಯೊಳಗೇ ಒಂದು ಜಾತಕ ಬರೆದುಬಿಡ್ತಾರೆ. ಪುರಾಣ ಹುಟ್ಟೋದೂ ಹೆಚ್ಚು ಕಮ್ಮಿ ಹಿಂಗೇ ಅನ್ಸುತ್ತೆ ನನಗೆ.

ಮತ್ತೆ ಫ್ಯಾಂಟಸಿ ಅಂದ್ರೆ ಕೀಳು ಅನ್ನೋರಿಗೆ ಇದನ್ನ ಹೇಳಿ. ಅದು ಗ್ರೀಕಿನ ಫಂತಾಸಿಯಾ, ಕಣ್ಮುಂದೆ ತೋರಿಸೋದು ಅಂತ. ಅದರ ಬೇರು ಮತ್ತೆ ನಮ್ಮ ಪ್ರಭೆ, ಭಾಸ ಇವುಗಳ ಬೇರು ಒಂದೇ. ಈ ಸಲ ನಿಜವಾಗ್ಲೂ ಒಂದೇ 🙂

---

ಅರ್ಧಕ್ಕೆ_ನಿಂತವ:

ಅಯ್ಯೋ ಎರಡೂ ಹೋಯ್ತಾ! ಹೃದ್ರೋಗ ಓದಿ ಒಬ್ನೇ ಕೂತು ನಕ್ಕೆ. ಆದ್ರೆ ಒಂದು ಡೌಟು, ಶಾಸ್ತ್ರದ ಪದ ಬಿಡಿ, ನಾವು ದಿನಾ ಆಡೋ ಮಾತಲ್ಲಿ ಗ್ರೀಕ್ ಕಥೆ ಅಡಗಿರೋ ಪದ ಒಂದಾದ್ರೂ ಇದೆಯಾ? ಇಂಗ್ಲಿಷ್ ಮೂಲಕ ಬಂದಿದ್ದಲ್ಲ.

---

ನೂರುಕಣ್ಣು:

ಇದೆ. ಸುರಂಗ.

ಇದನ್ನ ನಿಧಾನಕ್ಕೆ ಹೇಳ್ಬೇಕು. ಸಿರಿಂಕ್ಸ್ ಅನ್ನೋ ವನದೇವತೆ. ನಿಮ್ಮ ಪ್ಯಾನಿಕ್‌ನ ಪ್ಯಾನ್ ಇದಾನಲ್ಲ, ಅವನು ಇವಳ ಹಿಂದೆ ಬೀಳ್ತಾನೆ, ಅವಳು ಓಡ್ತಾಳೆ, ಲಾಡೋನ್ ಅನ್ನೋ ನದಿ ಅಡ್ಡ ಬರುತ್ತೆ, ಕಾಪಾಡಿ ಅಂತ ನೀರಿನ ಅಕ್ಕತಂಗಿಯರನ್ನ ಬೇಡ್ಕೋತಾಳೆ, ಪ್ಯಾನ್ ಬಂದು ತಬ್ಬಿದ್ರೆ ಕೈಗೆ ಸಿಕ್ಕಿದ್ದು ಜೊಂಡು. ಅವನು ಬಿಟ್ಟ ನಿಟ್ಟುಸಿರು ಜೊಂಡಿನೊಳಗೆ ಹೋಗಿ ಸಣ್ಣಗೆ ದನಿ ಬಂತು. ಆ ಜೊಂಡನ್ನೇ ಉದ್ದ ಗಿಡ್ಡ ಕತ್ತರಿಸಿ ಮೇಣದಲ್ಲಿ ಜೋಡಿಸಿ ಕೊಳಲು ಮಾಡ್ಕೊಂಡ, ಅದಕ್ಕೆ ಅವಳ ಹೆಸರೇ ಇಟ್ಟ.

ಗ್ರೀಕಿನಲ್ಲಿ ಸಿರಿಂಕ್ಸ್ ಅಂದ್ರೆ ಆ ಕೊಳಲು, ಹಂಗೇ ಯಾವುದೇ ಟೊಳ್ಳು ನಳಿಗೆ. ಕೋಟೆ ಗೋಡೆ ಕೆಳಗೆ ತೋಡೋ ದಾರಿಗೂ ಯುದ್ಧದವರು ಅದೇ ಪದ ಬಳಸೋರು. ಅದೇ ಸಂಸ್ಕೃತಕ್ಕೆ ಸುರುಂಗಾ ಅಂತ ಬಂತು ಅನ್ನೋದು ಹೆಚ್ಚಿನ ವಿದ್ವಾಂಸರು ಒಪ್ಪಿರೋ ಮಾತು, ಅರ್ಥಶಾಸ್ತ್ರದಲ್ಲಿದೆ, ಮಹಾಭಾರತದಲ್ಲಿ ಪಾಂಡವರು ಅರಗಿನ ಮನೆಯಿಂದ ತಪ್ಪಿಸ್ಕೊಳ್ಳೋ ದಾರಿಗೂ ಇದೇ ಪದ. ಆ ಕಡೆ ಲ್ಯಾಟಿನ್ ಮೂಲಕ ಹೋಗಿ ಡಾಕ್ಟರ ಕೈಯಲ್ಲಿ ಸಿರಿಂಜ್ ಆಯ್ತು. ಅಂದ್ರೆ ಸುರಂಗ, ಸಿರಿಂಜು ಇವೆರಡೂ ಒಂದೇ ತಾಯಿ ಮಕ್ಕಳು. ಹುಡುಗಿ ಓಡಿ ತಪ್ಪಿಸ್ಕೊಂಡ ಕಥೆ, ಪಾಂಡವರು ತಪ್ಪಿಸ್ಕೊಂಡ ದಾರಿಗೆ ಹೆಸರಾಗಿದೆ ನೋಡಿ, ಇದು ಕಾಕತಾಳೀಯ ಅಂತ ಗೊತ್ತು, ಆದ್ರೂ ನಾನು ಬಿಟ್ಟುಕೊಡಲ್ಲ.

ಈಗ @ಹಡಗು_ಬಿಟ್ಟು_ಓದಿ ಹೇಳಿದ ಹಾಗೆ ಇನ್ನೊಂದು ಹೆಜ್ಜೆ. ಈ ಕಥೆ ಇರೋದು ರೋಮಿನ ಕವಿ ಓವಿಡ್ ಲ್ಯಾಟಿನ್ನಲ್ಲಿ ಬರೆದ ಮೆಟಮಾರ್ಫಸಿಸ್ ಕಾವ್ಯದ ಮೊದಲ ಪುಸ್ತಕದಲ್ಲಿ. ಆದ್ರೆ ಓವಿಡ್ ಇದನ್ನ ಹೇಳೋ ರೀತಿ ಇದೆಯಲ್ಲ, ಅದಕ್ಕೆ ತಲೆ ಬಾಗ್ಬೇಕು. ಅಲ್ಲಿ ನೂರು ಕಣ್ಣಿನ ಆರ್ಗಸ್ ಒಂದು ಹಸು ಕಾಯ್ತಿರ್ತಾನೆ (ಅದೂ ಹಸು ಆದ ಹುಡುಗಿ). ಅವನನ್ನ ಮಲಗಿಸಿ ಕೊಲ್ಲೋಕೆ ಮರ್ಕ್ಯುರಿ ದೇವರು ಕುರುಬನ ವೇಷದಲ್ಲಿ ಕೊಳಲು ಹಿಡ್ಕೊಂಡ್ ಬರ್ತಾನೆ. ಆರ್ಗಸ್ ಈ ಕೊಳಲು ಹೆಂಗೆ ಹುಟ್ತು ಅಂತ ಕೇಳ್ತಾನೆ, ಇವನು ಸಿರಿಂಕ್ಸ್ ಕಥೆ ಶುರು ಮಾಡ್ತಾನೆ. ಅರ್ಧ ಹೇಳಿರ್ತಾನೆ ಅಷ್ಟೇ, ಆರ್ಗಸ್‌ನ ಅಷ್ಟೂ ಕಣ್ಣು ಮುಚ್ಚಿಹೋಗಿರುತ್ತೆ. ಆಗ ಕವಿ, ಇನ್ನೂ ಹೇಳೋದು ಇದು ಇದು ಬಾಕಿ ಇತ್ತು ಅಂತ ಮಿಕ್ಕ ಕಥೇನ ನಮಗೆ ಹೇಳಿ ಮುಗಿಸ್ತಾನೆ, ಆಮೇಲೆ ಮರ್ಕ್ಯುರಿ ಕತ್ತಿ ತೆಗೀತಾನೆ. ಕಥೆ ಕೇಳ್ತಾ ನಿದ್ದೆ ಹೋದವನು ಸತ್ತ, ಎಚ್ಚರ ಇದ್ದ ನಮಗೆ ಪೂರ್ತಿ ಸಿಕ್ತು. ಅವನ ಕಣ್ಣುಗಳು ನವಿಲಿನ ಗರಿಗೆ ಹೋದವು. ಇದನ್ನ ಯಾವ ಡಿಕ್ಷನರಿ ಹೇಳುತ್ತೆ?

---

ಸಾಲುಗಾರ:

ಮೇಲಿನವರು ಓವಿಡ್ ಎತ್ತಿದ್ರಿಂದ ನಂದೊಂದು. ಅನುವಾದದ ಹುಚ್ಚು ಇರೋನು ನಾನು, ಮೂರನೇ ಪುಸ್ತಕದ ಎಕೋ ಕಥೆ ನನ್ನ ನಿದ್ದೆ ಕೆಡಿಸಿದೆ.

ಎಕೋ ಅಂದ್ರೆ ಪ್ರತಿಧ್ವನಿ, ಎಲ್ರಿಗೂ ಗೊತ್ತು. ಅವಳು ಮಾತಿನಮಲ್ಲಿ, ಗಂಡನ್ನ ಹಿಡಿಯೋಕೆ ಬಂದ ಜೂನೋ ದೇವತೇನ ಮಾತಲ್ಲೇ ಕಟ್ಟಿಹಾಕಿ ಅಷ್ಟರಲ್ಲಿ ಉಳಿದ ಹುಡುಗೀರು ಓಡಿಹೋಗೋ ಹಾಗೆ ಮಾಡ್ತಿದ್ಳು. ಜೂನೋ ಶಾಪ ಕೊಟ್ಳು, ಇನ್ಮೇಲೆ ನೀನಾಗೇ ಮಾತಾಡೋಕಾಗಲ್ಲ, ಬೇರೆಯವರ ಮಾತಿನ ಕೊನೇ ತುಂಡು ಮಾತ್ರ ವಾಪಸ್ ಹೇಳ್ಬಹುದು. ಅಂಥವಳು ನಾರ್ಸಿಸಸ್ ಅನ್ನೋ ಚೆಂದದ ಹುಡುಗನ್ನ ಪ್ರೀತಿಸ್ತಾಳೆ. ಅವನು ಅವಳನ್ನ ತಳ್ಳಿ, ನನ್ನ ಮೇಲೆ ನಿನಗೆ ಅಧಿಕಾರ ಕೊಡೋಕೆ ಮುಂಚೆ ಸಾಯ್ತೀನಿ ಅನ್ನೋ ಅರ್ಥದ ಮಾತು ಹೇಳ್ತಾನೆ. ಲ್ಯಾಟಿನ್ನಲ್ಲಿ ಸಾಯೋ ಮಾತು ಮುಂದಿದೆ, ಅಧಿಕಾರ ಕೊಡೋ ಮಾತು ಕೊನೆಗಿದೆ. ಅವಳು ಆ ಕೊನೇ ತುಂಡನ್ನ ಮಾತ್ರ ಹೇಳ್ತಾಳೆ: ನನ್ನ ಮೇಲೆ ನಿನಗೆ ಅಧಿಕಾರ ಇರ್ಲಿ. ಅವನ ತಿರಸ್ಕಾರದ ಮಾತೇ ಅವಳ ಬಾಯಲ್ಲಿ ಶರಣಾಗತಿ.

ಕನ್ನಡಕ್ಕೆ ತನ್ನಿ ನೋಡೋಣ. "ನಿನಗೆ ಸೋಲೋದಕ್ಕಿಂತ ಸಾಯ್ತೀನಿ". ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರೋದ್ರಿಂದ ಎಕೋ ಪಾಲಿಗೆ ಉಳಿಯೋದು "ಸಾಯ್ತೀನಿ". ಕಥೆ ಢಮಾರ್. (ಮುಂದೆ ಅವಳು ಕೊರಗಿ ಕೊರಗಿ ಮೈ ಕರಗಿ, ಮೂಳೆ ಕಲ್ಲಾಗಿ, ದನಿ ಮಾತ್ರ ಉಳಿಯುತ್ತೆ, ಆ ಲೆಕ್ಕದಲ್ಲಿ "ಸಾಯ್ತೀನಿ" ಕೂಡ ಪೂರ್ತಿ ತಪ್ಪಲ್ಲ ಅಂತ ಒಂದು ರಾತ್ರಿ ನನಗೆ ನಾನೇ ಸಮಾಧಾನ ಮಾಡ್ಕೊಂಡೆ.) ಎಷ್ಟೋ ಪುಟ ಹರಿದ ಮೇಲೆ ಇಲ್ಲಿಗೆ ಬಂದಿದೀನಿ:

"ಸತ್ತೇನೇ ಹೊರತು ಅನ್ನಲಾರೆ, ನಿನಗೆ ಸೋತೆ."
"ನಿನಗೆ ಸೋತೆ..."

ಅನ್ನಲಾರೆ ಅನ್ನೋದು ಸ್ವಲ್ಪ ನಾಟಕದ ಥರ ಇದೆ, ಇಷ್ಟ ಆಗಿಲ್ಲ. ಸೋತೆ ಮಾತ್ರ ಬಿಡಲ್ಲ, ಅವನಂದ್ರೂ ಅವಳಂದ್ರೂ ರೂಪ ಬದಲಾಗಲ್ಲ, ಸೋತನು ಸೋತಳು ಅಂತ ಗೋಳಿಲ್ಲ.

@ಅರ್ಧಕ್ಕೆ_ನಿಂತವ, ಒಂದು ಸಾಲನ್ನ ನಿಮ್ಮ ಭಾಷೆಗೆ ತರೋಕೆ ಕೂತ್ಕೊಳ್ಳಿ, ಆಮೇಲೆ ನೀವು ಓದ್ತಿರೋದು ಬೆಲೆ ಚೀಟಿನಾ ಅಂತ ಯಾರನ್ನೂ ಕೇಳೋ ಅಗತ್ಯ ಬರಲ್ಲ.

---

ಅರ್ಧಕ್ಕೆ_ನಿಂತವ:

ಎರಡು ದಿನ ಆಯ್ತು, ಉತ್ತರ ಕೊಡೋಕಾಗ್ಲಿಲ್ಲ, ಒಡಿಸ್ಸಿ ಒಂಬತ್ತನೇ ಪುಸ್ತಕದಲ್ಲಿದೀನಿ, ಒಡಿಸ್ಸಿಯಸ್ಸು ಅವನ ಜೊತೆಯವರು ಒಂಟಿ ಕಣ್ಣಿನ ರಾಕ್ಷಸನ ಗುಹೆ ಒಳಗೆ ಸಿಕ್ಕೊಂಡಿದಾರೆ. ಮಧ್ಯೆ ಎಕೋ ತಲೆಯಿಂದ ಹೋಗ್ತಾನೇ ಇಲ್ಲ. ನನ್ನ ಪ್ರಯತ್ನ, ನಗಬೇಡಿ:

"ಪ್ರಾಣ ಹೋದ್ರೂ ಬಾಯಲ್ಲಿ ಬರಲ್ಲ, ನಿನ್ನೋರೇ ನಾವು."

"ನಾವು" ಯಾಕಂದ್ರೆ ಅವನಿಗೆ ಅಷ್ಟು ಜಂಬ, ತನ್ನನ್ನ ತಾನೇ ಬಹುವಚನದಲ್ಲಿ ಕರ್ಕೋತಾನೆ ಅಂತ.

---

ಸಾಲುಗಾರ:

ಅಯ್ಯೋ ನಿಮ್ಗೆ ಗೊತ್ತಿದ್ದು ಮಾಡಿದ್ರೋ ಗೊತ್ತಿಲ್ದೇನೋ, ಲ್ಯಾಟಿನ್ನಲ್ಲೂ ಅವನು ಅಲ್ಲಿ "ನಮ್ಮ ಮೇಲೆ" ಅಂತಲೇ ಅನ್ನೋದು! ಆದ್ರೆ ಎಕೋ "ನಿನ್ನೋರೇ ನಾವು" ಅಂದ್ರೆ ನಾಲ್ಕು ಜನ ಪೊದೆ ಹಿಂದೆ ನಿಂತಿರೋ ಹಂಗೆ ಕೇಳುತ್ತೆ. "ಬಾಯಲ್ಲಿ ಬರಲ್ಲ" ಮಾತ್ರ ನಾನು ಕದೀತೀನಿ. "ಸತ್ರೂ ಬಾಯಲ್ಲಿ ಬರಲ್ಲ, ನಿನಗೆ ಸೋತೆ." ನನ್ನ ಅನ್ನಲಾರೆಗಿಂತ ನೂರು ಪಾಲು ವಾಸಿ.

---

ಖಾಲಿಪುಟ:

ಆ ಕಾಮಾನೂ ತೆಗೀರಿ. ಕಾಡಲ್ಲಿ ಕಾಮಾ ಕೇಳ್ಸಲ್ಲ.